ನನಗಿರೋದು ಎಡಿಎಚ್‌ಡಿನಾ? ಮನಸ್ಸಿನ ತೊಂದರೆಗೆ ನಾವೇ ಹೆಸರಿಟ್ಟುಕೊಳ್ಳುವ ಮುಂಚೆ

ಮೊದಲೆಲ್ಲ ಮನೋವೈದ್ಯರ ಹತ್ತಿರ ಹೋದವರು ತಮ್ಮ ತೊಂದರೆ ಹೇಳಿಕೊಳ್ಳುತ್ತಿದ್ದರು. ನಿದ್ದೆ ಬರ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಸುಮ್ಮಸುಮ್ಮನೆ ಎದೆ ಡವಡವ ಅನ್ನುತ್ತೆ ಅಂತ. ಈಗ ಎಷ್ಟೋ ಮಂದಿ ಹೆಸರನ್ನೇ ಹಿಡಿದುಕೊಂಡು ಹೋಗುತ್ತಾರೆ. ‘ನನಗೆ ಎಡಿಎಚ್‌ಡಿ ಇದೆ ಅನ್ಸುತ್ತೆ’, ‘ನಂದು ಬೈಪೋಲಾರ್ ಇರಬೇಕು’. (ಎಡಿಎಚ್‌ಡಿ ಅಂದರೆ ಗಮನ ನಿಲ್ಲದ, ಚಡಪಡಿಕೆಯ ತೊಂದರೆ. ಬೈಪೋಲಾರ್ ಅಂದರೆ ಉತ್ಸಾಹ ಉಕ್ಕುವ ದಿನಗಳೂ ಕುಸಿದುಹೋಗುವ ದಿನಗಳೂ ಬಂದುಹೋಗುವ ಕಾಯಿಲೆ.) ಇನ್ನು ಕೆಲವರು ಹೋಗುವುದೇ ಇಲ್ಲ. ನಾಲ್ಕು ವಿಡಿಯೊ ನೋಡಿ, ಒಂದು ಆನ್‌ಲೈನ್ ಟೆಸ್ಟ್ ಮಾಡಿ, ಹೆಸರನ್ನು ತಾವೇ ಇಟ್ಟುಕೊಂಡು ಅದರ ಜೊತೆ ಬದುಕಲು ಶುರು ಮಾಡಿರುತ್ತಾರೆ.

ಇದನ್ನು ಕೇಳಿದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾತು ಹೇಳುತ್ತಾರೆ. ಒಂದು, ‘ಇದೆಲ್ಲ ಈಗಿನವರ ಫ್ಯಾಶನ್’. ಇನ್ನೊಂದು, ‘ನಿನ್ನ ಮನಸ್ಸು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ನೀನು ಹೇಳಿದ್ದೇ ಸರಿ’. ಎರಡೂ ಮಾತು ಅಲ್ಲಿಗೇ ಬಾಗಿಲು ಹಾಕುತ್ತವೆ. ತೊಂದರೆಯಲ್ಲಿರುವ ಮನುಷ್ಯನಿಗೆ ಎರಡರಿಂದಲೂ ಉಪಯೋಗವಿಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಅನುಮಾನ ಪಡುವುದು ತಪ್ಪಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2019ರಲ್ಲಿ ಜಗತ್ತಿನ ಪ್ರತಿ ಎಂಟು ಜನರಲ್ಲಿ ಒಬ್ಬರಿಗೆ, ಅಂದರೆ ಸುಮಾರು 97 ಕೋಟಿ ಜನಕ್ಕೆ, ಯಾವುದೋ ಒಂದು ಮಾನಸಿಕ ತೊಂದರೆ ಇತ್ತು. ಹಾಗಾಗಿ ನಿಮಗೆ ಬಂದ ಅನುಮಾನ ನಿಜವೂ ಇರಬಹುದು. ಆದರೆ ಅನುಮಾನ ಬೇರೆ, ಡಯಾಗ್ನೋಸಿಸ್, ಅಂದರೆ ವೈದ್ಯರು ವಿಚಾರಿಸಿ ಕಾಯಿಲೆ ಗುರುತಿಸುವುದು, ಬೇರೆ. ನಡುವೆ ಏನೇನಿದೆ ಅಂತ ಗೊತ್ತಿದ್ದರೆ ಅನುಮಾನವನ್ನು ಸರಿಯಾಗಿ ಬಳಸಿಕೊಳ್ಳಬಹುದು.

ಈ ಹೆಸರುಗಳು ಎಲ್ಲಿಂದ ಬರುತ್ತವೆ?

ರಕ್ತ ಪರೀಕ್ಷೆ ಮಾಡಿ ಅಥವಾ ಮಿದುಳಿನ ಸ್ಕ್ಯಾನ್ ತೆಗೆದು ‘ಇದು ಖಿನ್ನತೆ’, ‘ಇದು ಎಡಿಎಚ್‌ಡಿ’ ಎಂದು ಹೇಳಲು ಇವತ್ತಿಗೂ ಆಗುವುದಿಲ್ಲ. ವೈದ್ಯರು ಮಾತಾಡಿಸುತ್ತಾರೆ, ಕೇಳುತ್ತಾರೆ, ಗಮನಿಸುತ್ತಾರೆ. ಆಮೇಲೆ ತಮ್ಮ ಮುಂದಿರುವ ವಿವರಗಳನ್ನು ಒಂದು ಪುಸ್ತಕದಲ್ಲಿರುವ ವಿವರಣೆಯ ಜೊತೆ ಹೋಲಿಸಿ ನೋಡುತ್ತಾರೆ.

ಅಂಥ ಪುಸ್ತಕಗಳಲ್ಲಿ ಮುಖ್ಯವಾದವು ಎರಡು. ಒಂದು ಅಮೆರಿಕದ ಮನೋವೈದ್ಯರ ಸಂಘ ತರುವ ಡಿಎಸ್‌ಎಂ. ಇದು ಮೊದಲು ಬಂದದ್ದು 1952ರಲ್ಲಿ, ಐದನೇ ಆವೃತ್ತಿ 2013ರಲ್ಲಿ. ಇನ್ನೊಂದು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ. ಅದರ ಹನ್ನೊಂದನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ.

ನಾವು ಈಗ ಕಾಣುವ ‘ಇಷ್ಟರಲ್ಲಿ ಇಷ್ಟು ಲಕ್ಷಣ ಇರಬೇಕು’ ಎಂಬ ಪಟ್ಟಿಗಳು 1980ರಲ್ಲಿ ಬಂದ ಡಿಎಸ್‌ಎಂನ ಮೂರನೇ ಆವೃತ್ತಿಯಿಂದ ಬಳಕೆಗೆ ಬಂದವು. ಅದರ ಮುಂದಾಳತ್ವ ವಹಿಸಿದ್ದವರು ಅಮೆರಿಕದ ಮನೋವೈದ್ಯ ರಾಬರ್ಟ್ ಸ್ಪಿಟ್ಜರ್. ಅದಕ್ಕೂ ಮುಂಚೆ ವಿವರಣೆಗಳು ಸಡಿಲವಾಗಿದ್ದವು. ಒಬ್ಬನೇ ರೋಗಿಗೆ ಒಬ್ಬ ವೈದ್ಯರು ಒಂದು ಹೆಸರು ಹೇಳಿದರೆ ಇನ್ನೊಬ್ಬರು ಬೇರೆಯದೇ ಹೇಳುತ್ತಿದ್ದರು. ಈಗ ಖಿನ್ನತೆಗೆ ಒಂಬತ್ತು ಲಕ್ಷಣಗಳ ಪಟ್ಟಿಯಿದೆ. ಐದಾದರೂ ಇರಬೇಕು, ಎರಡು ವಾರ ಇರಬೇಕು. ಆ ಐದರಲ್ಲಿ ಮಂಕು ಕವಿದಂತಿರುವುದು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಎರಡರಲ್ಲಿ ಒಂದು ಇರಲೇಬೇಕು.

ಗಮನಿಸಿ, ಈ ಪಟ್ಟಿ ಏನಾಗುತ್ತಿದೆ ಎಂದು ವಿವರಿಸುತ್ತದೆ. ಯಾಕೆ ಆಗುತ್ತಿದೆ ಎಂದು ಹೇಳುವುದಿಲ್ಲ. ‘ನನಗೆ ಯಾಕೆ ಏನೂ ಬೇಡ ಅನ್ಸುತ್ತೆ? ಖಿನ್ನತೆ ಇದೆ, ಅದಕ್ಕೆ. ಖಿನ್ನತೆ ಇದೆ ಅಂತ ಹೇಗೆ ಗೊತ್ತಾಯ್ತು? ಏನೂ ಬೇಡ ಅನ್ಸುತ್ತಲ್ಲ, ಅದಕ್ಕೆ.’ ಹೀಗೆ ಸುತ್ತು ಹೊಡೆಯುವುದು ಬಿಟ್ಟರೆ ಹೆಸರಿನಿಂದ ಕಾರಣ ಸಿಕ್ಕಿರುವುದಿಲ್ಲ.

ಹೆಸರುಗಳು ಬದಲಾಗುತ್ತವೆ ಕೂಡ. ಸಲಿಂಗಪ್ರೇಮವನ್ನು ಕಾಯಿಲೆಗಳ ಪಟ್ಟಿಯಿಂದ ಕೈಬಿಡಲು ಅಮೆರಿಕದ ಸಂಘ ತೀರ್ಮಾನಿಸಿದ್ದು 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ. ಆಸ್ಪರ್ಗರ್ ಸಿಂಡ್ರೋಮ್ (ಬೇರೆಯವರ ಜೊತೆ ಬೆರೆಯುವುದು ಕಷ್ಟವಾಗುವ ಒಂದು ಸ್ಥಿತಿ) 1994ರಲ್ಲಿ ಡಿಎಸ್‌ಎಂಗೆ ಬಂತು, 2013ರಲ್ಲಿ ಆಟಿಸಂ ಸ್ಪೆಕ್ಟ್ರಮ್ ಎಂಬ ದೊಡ್ಡ ಗುಂಪಿನೊಳಗೆ ಸೇರಿಹೋಯಿತು. ಆ ಹೆಸರನ್ನು ತಮ್ಮದೆಂದುಕೊಂಡಿದ್ದ ಎಷ್ಟೋ ಜನಕ್ಕೆ ಅದರಿಂದ ನೋವಾಯಿತು.

ಡಿಎಸ್‌ಎಂ-5 ಬರುವ ಮುಂಚೆ ಒಂದು ಪರೀಕ್ಷೆ ನಡೆಸಿದ್ದರು. ಒಬ್ಬನೇ ರೋಗಿಯನ್ನು ಇಬ್ಬರು ತಜ್ಞರು ಬೇರೆಬೇರೆಯಾಗಿ ನೋಡಿ ಹೆಸರು ಹೇಳಬೇಕು. ಹೇಳಿದ್ದು ಎಷ್ಟು ತಾಳೆಯಾಗುತ್ತೆ ಎಂದು ಅಳೆಯಬೇಕು. ಬರೀ ಅದೃಷ್ಟದಿಂದ ಆಗುವಷ್ಟೇ ತಾಳೆಯಾದರೆ 0, ಪೂರ್ತಿ ಒಮ್ಮತವಾದರೆ 1. ಆಘಾತದ ನಂತರದ ಒತ್ತಡ, ಅಂದರೆ ಪಿಟಿಎಸ್‌ಡಿಗೆ 0.67 ಬಂತು. ಖಿನ್ನತೆಗೆ ಬಂದದ್ದು 0.28 ಮಾತ್ರ. ಪಳಗಿದ ತಜ್ಞರಿಗೇ ಇಷ್ಟು ಕಷ್ಟವಾಗುವ ಕೆಲಸ ಇದು. ಹೆಸರು ಸುಳ್ಳು ಎಂದು ಇದರ ಅರ್ಥವಲ್ಲ. ಯಾವ ಚಿಕಿತ್ಸೆ ಕೊಡಬೇಕು ಎಂದು ತೀರ್ಮಾನಿಸಲು ವೈದ್ಯರಿಗೆ ಅದು ಬೇಕೇ ಬೇಕು. ಅಷ್ಟು ಕೆಲಸಕ್ಕೆ ಮಾಡಿಕೊಂಡ ಸಾಧನ ಅದು.

ಪಟ್ಟಿಗಿಂತ ಮುಖ್ಯವಾದ ಪ್ರಶ್ನೆಗಳು

ಇಪ್ಪತ್ತಾರು ವರ್ಷದ ಒಬ್ಬ ಹುಡುಗಿ ಅಂದುಕೊಳ್ಳಿ. ಆಫೀಸಿನಲ್ಲಿ ಒಂದು ಮೇಲ್ ಬರೆಯಲು ಕೂತರೆ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹಾರುತ್ತಾಳೆ. ಬಿಲ್ ಕಟ್ಟುವುದು ಮರೆಯುತ್ತಾಳೆ. ಮೀಟಿಂಗಿನಲ್ಲಿ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮನಸ್ಸು ಎಲ್ಲೋ ಹೋಗಿರುತ್ತೆ. ಗಮನದ ಕೊರತೆಗೆ ಸಂಬಂಧಿಸಿದ ಒಂಬತ್ತು ಲಕ್ಷಣಗಳ ಪಟ್ಟಿ ನೋಡುತ್ತಾಳೆ. ಏಳಕ್ಕೆ ಟಿಕ್ ಬೀಳುತ್ತದೆ. ಹದಿನೇಳು ದಾಟಿದವರಿಗೆ ಐದು ಸಾಕು ಎಂದು ಬರೆದಿದೆ. ಅಲ್ಲಿಗೆ ಮುಗೀತು ಅಲ್ವಾ ಅನ್ನಿಸುತ್ತದೆ.

ವೈದ್ಯರ ಕೆಲಸ ಶುರುವಾಗುವುದೇ ಅಲ್ಲಿಂದ. ಮೊದಲ ಪ್ರಶ್ನೆ, ಯಾವಾಗಿನಿಂದ? ಎಡಿಎಚ್‌ಡಿ ಎನ್ನಬೇಕಾದರೆ ಹಲವು ಲಕ್ಷಣಗಳು ಹನ್ನೆರಡು ವರ್ಷದೊಳಗೇ ಕಾಣಿಸಿಕೊಂಡಿರಬೇಕು. ಶಾಲೆಯಲ್ಲಿ ಟೀಚರ್ ಏನು ಬರೆಯುತ್ತಿದ್ದರು? ‘ಜಾಣೆ, ಆದರೆ ಪಾಠದ ಮೇಲೆ ಗಮನವಿಲ್ಲ’ ಎಂದು ವರ್ಷ ವರ್ಷವೂ ಬರೆದಿದ್ದರೆ ಅದೊಂದು ಸುಳಿವು. ಹಾಗೇನೂ ಇರದೆ ಎರಡು ವರ್ಷದ ಹಿಂದೆ ಶುರುವಾಗಿದ್ದರೆ, ಆ ಎರಡು ವರ್ಷದಲ್ಲಿ ಏನಾಯಿತು ಎಂದು ಕೇಳಬೇಕು.

ಎರಡನೆಯದು, ಎಲ್ಲೆಲ್ಲಿ? ಮನೆ, ಕೆಲಸ, ಗೆಳೆಯರ ನಡುವೆ, ಹೀಗೆ ಕಡೇಪಕ್ಷ ಎರಡು ಕಡೆಯಾದರೂ ಕಾಣಬೇಕು. ಆಫೀಸಿನಲ್ಲಿ ಮಾತ್ರ ಆಗುತ್ತಿದ್ದರೆ ತೊಂದರೆ ಆ ಕೆಲಸದಲ್ಲೇ ಇರಬಹುದು. ಮೂರನೆಯದು, ಇದರಿಂದ ಏನು ಹಾಳಾಗುತ್ತಿದೆ? ಬೀಗದ ಕೈ ಎಲ್ಲರೂ ಮರೆಯುತ್ತಾರೆ. ಮರೆವಿನಿಂದ ಕೆಲಸ ಹೋಯಿತೇ, ದಂಡ ಕಟ್ಟಬೇಕಾಯಿತೇ, ಸಂಬಂಧ ಮುರಿಯಿತೇ ಎಂಬುದು ಪ್ರಶ್ನೆ.

ಕೊನೆಯದೇ ಎಲ್ಲಕ್ಕಿಂತ ಕಷ್ಟದ್ದು: ಬೇರೆ ಏನಾದರೂ ಇರಬಹುದೇ? ಕೆಮ್ಮು ಬಂದರೆ ಅದು ನೆಗಡಿಯದ್ದೂ ಇರಬಹುದು, ಅಸ್ತಮಾದ್ದೂ ಇರಬಹುದು, ಕ್ಷಯದ್ದೂ ಇರಬಹುದು. ಕೆಮ್ಮಿನ ಸದ್ದು ಕೇಳಿಯೇ ಇದು ಇಂಥದ್ದು ಎನ್ನಲು ಬರುವುದಿಲ್ಲ. ಗಮನ ನಿಲ್ಲದಿರುವುದೂ ಹಾಗೇ. ರಾತ್ರಿ ಐದು ಗಂಟೆ ಮಾತ್ರ ಮಲಗುವವರಿಗೆ ಗಮನ ನಿಲ್ಲುವುದಿಲ್ಲ. ಗೊರಕೆ ಹೊಡೆಯುತ್ತಾ ಉಸಿರು ಕಟ್ಟಿ ಪದೇಪದೇ ಎಚ್ಚರವಾಗುವ ಸ್ಲೀಪ್ ಆಪ್ನಿಯಾ ಇದ್ದವರಿಗೂ ನಿಲ್ಲುವುದಿಲ್ಲ. ಆತಂಕ ಇದ್ದವರಿಗೆ, ಖಿನ್ನತೆ ಇದ್ದವರಿಗೆ, ಥೈರಾಯ್ಡ್ ಕಡಿಮೆಯಾದವರಿಗೆ, ರಕ್ತಹೀನತೆ ಇದ್ದವರಿಗೆ, ಕುಡಿತ ಜಾಸ್ತಿಯಾದವರಿಗೆ, ಯಾರನ್ನೋ ಕಳೆದುಕೊಂಡವರಿಗೆ, ಯಾರಿಗೂ ನಿಲ್ಲುವುದಿಲ್ಲ. ಒಳಗಿನಿಂದ ನೋಡುವಾಗ ಎಲ್ಲವೂ ಒಂದೇ ಥರ ಕಾಣುತ್ತವೆ. ತನ್ನನ್ನು ತಾನೇ ನೋಡಿಕೊಳ್ಳುವವರು ಎಡವುವುದು ಇಲ್ಲೇ.

ಆ ಹುಡುಗಿಯ ಅನುಮಾನ ಸರಿಯಾಗಿಯೇ ಇರಬಹುದು ಎಂಬುದನ್ನೂ ಮರೆಯಬಾರದು. ತರಗತಿಯಲ್ಲಿ ಬೆಂಚು ಹತ್ತಿ ಕುಣಿಯುವ ಹುಡುಗನನ್ನು ಎಲ್ಲರೂ ಗಮನಿಸುತ್ತಾರೆ. ಕಿಟಕಿಯಾಚೆ ನೋಡುತ್ತಾ ಸುಮ್ಮನೆ ಕೂತ ಹುಡುಗಿಯನ್ನು ಯಾರೂ ಗಮನಿಸುವುದಿಲ್ಲ. ಎಡಿಎಚ್‌ಡಿ, ಆಟಿಸಂ ಎರಡರಲ್ಲೂ ಹುಡುಗಿಯರು ಬಹಳ ಕಾಲ ವೈದ್ಯರ ಕಣ್ಣು ತಪ್ಪಿಸಿಕೊಂಡೇ ದೊಡ್ಡವರಾದರು. ಮೂವತ್ತು, ನಲವತ್ತರಲ್ಲಿ ಅವರೇ ಓದಿ, ಅವರೇ ಅನುಮಾನಪಟ್ಟು, ಆಮೇಲೆ ಸರಿಯಾದ ಹೆಸರು ಪಡೆದವರಿದ್ದಾರೆ. ‘ಗೂಗಲ್ ನೋಡಿ ಬಂದಿದ್ದೀಯಾ’ ಎಂದು ಅವರನ್ನು ಗದರಿಸಿ ಕಳಿಸಿದ್ದರೆ ಅದು ದೊಡ್ಡ ಅನ್ಯಾಯವಾಗುತ್ತಿತ್ತು.

ಆನ್‌ಲೈನ್ ಟೆಸ್ಟಿನ ಅಂಕ ಏನು ಹೇಳುತ್ತೆ?

ಇಂಟರ್‌ನೆಟ್ಟಿನಲ್ಲಿ ಸಿಗುವ ಟೆಸ್ಟುಗಳಲ್ಲಿ ಕೆಲವು ಯಾರೋ ಸುಮ್ನೆ ಬರೆದವು. ಕೆಲವು ಮಾತ್ರ ನಿಜವಾಗಿಯೂ ಪರೀಕ್ಷೆಗೆ ಒಳಪಟ್ಟವು. ಖಿನ್ನತೆಗೆ ಬಳಸುವ ಪಿಎಚ್‌ಕ್ಯೂ-9 ಅಂಥ ಒಳ್ಳೆಯ ಟೆಸ್ಟ್. ಒಂಬತ್ತು ಪ್ರಶ್ನೆ, ಕಳೆದ ಎರಡು ವಾರದ ಬಗ್ಗೆ. ಒಂದೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. ಹತ್ತು ಅಥವಾ ಜಾಸ್ತಿ ಬಂದರೆ ಮುಂದೆ ವಿಚಾರಿಸಬೇಕು ಎಂದು ಲೆಕ್ಕ.

2001ರಲ್ಲಿ ಪ್ರಕಟವಾದ ಇದರ ಮೊದಲ ಅಧ್ಯಯನದಲ್ಲಿ, ಖಿನ್ನತೆ ಇದ್ದ ನೂರು ಜನರಲ್ಲಿ 88 ಮಂದಿಯನ್ನು ಇದು ಸರಿಯಾಗಿ ಹಿಡಿಯಿತು. ಇಲ್ಲದ ನೂರರಲ್ಲಿ 88 ಮಂದಿಗೆ ಇಲ್ಲ ಎಂದೇ ಹೇಳಿತು. ಬಹಳ ಚೆನ್ನಾಗಿದೆ ಅನ್ನಿಸುತ್ತದೆ ಅಲ್ವಾ? ಈಗ ಒಂದು ಲೆಕ್ಕ ಮಾಡೋಣ. ಸಾವಿರ ಜನ ಈ ಟೆಸ್ಟ್ ಮಾಡುತ್ತಾರೆ, ಅವರಲ್ಲಿ 50 ಮಂದಿಗೆ ಖಿನ್ನತೆ ಇದೆ ಎಂದು ಇಟ್ಟುಕೊಳ್ಳಿ. ಆ ಐವತ್ತರಲ್ಲಿ 44 ಮಂದಿ ಸಿಗುತ್ತಾರೆ, 6 ಮಂದಿ ತಪ್ಪಿಹೋಗುತ್ತಾರೆ. ಉಳಿದ 950ರಲ್ಲಿ ನೂರಕ್ಕೆ 12ರಂತೆ 114 ಮಂದಿಗೆ ಖಿನ್ನತೆ ಇಲ್ಲದಿದ್ದರೂ ಹತ್ತು ದಾಟುತ್ತದೆ. ಅಂದರೆ ಹತ್ತು ದಾಟಿದವರು ಒಟ್ಟು 158, ಅವರಲ್ಲಿ ನಿಜವಾಗಿ ಖಿನ್ನತೆ ಇದ್ದವರು 44. ನೂರಕ್ಕೆ ಸುಮಾರು 28.

ಟೆಸ್ಟ್ ಕೆಟ್ಟದ್ದಲ್ಲ. ಯಾರನ್ನು ಕೂರಿಸಿ ಮಾತಾಡಿಸಬೇಕು ಎಂದು ಆರಿಸಲು ಅದನ್ನು ಮಾಡಿದ್ದು, ಆ ಕೆಲಸ ಅದು ಚೆನ್ನಾಗಿ ಮಾಡುತ್ತದೆ. ಆ 114 ಮಂದಿಯೂ ಸುಳ್ಳು ಹೇಳಿದವರಲ್ಲ. ನಿದ್ದೆಗೆಟ್ಟವರು, ದುಃಖದಲ್ಲಿರುವವರು, ಬೇರೆ ಕಾಯಿಲೆ ಇರುವವರು ಅದರಲ್ಲಿರುತ್ತಾರೆ. ಅವರಿಗೂ ಯಾರಾದರೂ ಕಿವಿಗೊಡಬೇಕು.

ಇದರಲ್ಲಿ ಒಂದು ಪ್ರಶ್ನೆ ಮಾತ್ರ ಬೇರೆ. ಒಂಬತ್ತನೆಯದು ಸಾವಿನ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅಲ್ಲಿ ಸೊನ್ನೆ ಬಿಟ್ಟು ಬೇರೆ ಏನೇ ಬಂದರೂ ಒಟ್ಟು ಅಂಕ ಎಷ್ಟು ಎಂದು ನೋಡುತ್ತಾ ಕೂರಬಾರದು. ವೈದ್ಯರ ಜೊತೆ ಮಾತಾಡಬೇಕು.

‘ಅಯ್ಯೋ, ಇದು ನಾನೇ!’

1948ರಲ್ಲಿ ಬರ್ಟ್ರಾಮ್ ಫೋರರ್ ಎಂಬ ಮನೋವಿಜ್ಞಾನಿ ತನ್ನ 39 ವಿದ್ಯಾರ್ಥಿಗಳಿಗೆ ಒಂದು ವ್ಯಕ್ತಿತ್ವ ಪರೀಕ್ಷೆ ಕೊಟ್ಟರು. ಆಮೇಲೆ ಪ್ರತಿಯೊಬ್ಬರಿಗೂ ‘ನಿನ್ನ ಫಲಿತಾಂಶ’ ಎಂದು ಒಂದು ಹಾಳೆ ಕೊಟ್ಟು, ಎಷ್ಟು ಸರಿಯಾಗಿದೆ ಎಂದು ಐದಕ್ಕೆ ಅಂಕ ಹಾಕಲು ಹೇಳಿದರು. ಸರಾಸರಿ 4.26 ಬಂತು. ಎಲ್ಲರಿಗೂ ಕೊಟ್ಟದ್ದು ಒಂದೇ ಹಾಳೆ. ಸಾಲುಗಳನ್ನು ಬಹುಪಾಲು ಒಂದು ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದರು. ನಿಮ್ಮ ತಪ್ಪನ್ನು ನೀವೇ ಜಾಸ್ತಿ ಎಣಿಸುತ್ತೀರಿ, ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಅಳುಕು ಇದೆ, ಈ ಥರದ ಸಾಲುಗಳು. ಯಾರಿಗೆ ಅನ್ವಯಿಸುವುದಿಲ್ಲ ಹೇಳಿ?

ಮನಸ್ಸಿನ ಕಾಯಿಲೆಗಳ ಬಗ್ಗೆ ಬರುವ ಎಷ್ಟೋ ವಿಡಿಯೊಗಳೂ ಇದೇ ಥರ ಕೆಲಸ ಮಾಡುತ್ತವೆ. ಮಾಡಬೇಕಾದ ಕೆಲಸ ಮುಂದೂಡುತ್ತೀರಾ? ಯಾರೋ ಮೆಸೇಜಿಗೆ ಉತ್ತರ ಕೊಡದಿದ್ದರೆ ಮನಸ್ಸು ಕೆಡುತ್ತಾ? 2022ರಲ್ಲಿ ಕೆನಡಾದ ಸಂಶೋಧಕರು ಟಿಕ್‌ಟಾಕ್‌ನಲ್ಲಿ ಎಡಿಎಚ್‌ಡಿ ಬಗ್ಗೆ ಅತಿ ಹೆಚ್ಚು ಜನ ನೋಡಿದ ನೂರು ವಿಡಿಯೊ ಪರಿಶೀಲಿಸಿದರು. 52 ವಿಡಿಯೊಗಳು ದಾರಿ ತಪ್ಪಿಸುವಂಥವು ಎಂದು ಕಂಡುಬಂತು. ಅವನ್ನು ಮಾಡಿದವರಲ್ಲಿ ತಮ್ಮ ಅನುಭವವನ್ನು ಪ್ರಾಮಾಣಿಕವಾಗಿ ಹೇಳಿಕೊಂಡವರೂ ಇರುತ್ತಾರೆ. ಆದರೆ ಒಬ್ಬರ ಅನುಭವ ಇನ್ನೊಬ್ಬರ ಲಕ್ಷಣದ ಪಟ್ಟಿಯಾದಾಗ ಎಡವಟ್ಟಾಗುತ್ತದೆ.

ಒಂದು ವಿಡಿಯೊದ ಮೇಲೆ ಸ್ವಲ್ಪ ಹೊತ್ತು ನಿಂತರೆ ಆಪ್ ಅಂಥದ್ದೇ ಇನ್ನಷ್ಟನ್ನು ತಂದು ಮುಂದಿಡುತ್ತದೆ. ಕೆಲವೇ ದಿನದಲ್ಲಿ ಎಲ್ಲಿ ನೋಡಿದರೂ ಅದೇ. ಇಷ್ಟೊಂದು ಜನ ನನ್ನದೇ ಕಥೆ ಹೇಳುತ್ತಿದ್ದಾರೆ, ಹಾಗಾದರೆ ನಿಜವೇ ಇರಬೇಕು ಅನ್ನಿಸುತ್ತದೆ. ಇಷ್ಟು ಜನ ಸಾಕ್ಷಿಗೆ ನಿಂತದ್ದು ನಾವು ಬೆರಳು ನಿಲ್ಲಿಸಿದ್ದರಿಂದ ಎಂಬುದು ಹೊಳೆಯುವುದಿಲ್ಲ.

ಹೆಸರು ಬೇಕು ಅನ್ನಿಸುವುದು ಯಾಕೆ?

ಇದನ್ನು ಹಗುರವಾಗಿ ನೋಡುವವರ ಮೇಲೆ ನನಗೆ ಬೇಸರವಿದೆ. ಚಿಕ್ಕಂದಿನಿಂದ ‘ಸೋಮಾರಿ’, ‘ಶಿಸ್ತೇ ಇಲ್ಲ’, ‘ಎಲ್ಲದಕ್ಕೂ ಅಳ್ತಾಳೆ’ ಎಂದು ಕೇಳಿಸಿಕೊಂಡು ಬೆಳೆದವರನ್ನು ನೆನೆಯಿರಿ. ಅವರು ಆ ಮಾತುಗಳನ್ನು ನಂಬಿರುತ್ತಾರೆ. ಒಂದು ದಿನ ‘ಇದಕ್ಕೊಂದು ಹೆಸರಿದೆ, ಇದು ನಿಮ್ಮ ತಪ್ಪಲ್ಲ’ ಎಂದು ಯಾರೋ ಹೇಳಿದರೆ ಎಷ್ಟು ದೊಡ್ಡ ಭಾರ ಇಳಿಯುತ್ತದೆ! ನನ್ನಂಥವರು ಇನ್ನೂ ಇದ್ದಾರೆ ಎಂಬ ಧೈರ್ಯ ಬರುತ್ತದೆ. ಇಷ್ಟು ವರ್ಷದ ಗೋಜಲಿಗೆ ಒಂದು ಎಳೆ ಸಿಕ್ಕಂತಾಗುತ್ತದೆ.

ಇನ್ನೊಂದು ಕಾರಣವೂ ಇದೆ, ಅದರ ಬಗ್ಗೆ ಕಡಿಮೆ ಮಾತಾಡುತ್ತೇವೆ. ‘ನನಗೆ ಬೇಜಾರಾಗಿದೆ’ ಎಂದರೆ ‘ಬೇಜಾರು ಯಾರಿಗಾಗಲ್ಲ, ಎದ್ದು ಓಡಾಡು’ ಎಂಬ ಉತ್ತರ ಬರುತ್ತದೆ. ‘ಡಿಪ್ರೆಶನ್’ ಎಂದಾಗ ಮಾತ್ರ ಎದುರಿನವರು ತಿರುಗಿ ನೋಡುತ್ತಾರೆ. ಹಾಗಿದ್ದಮೇಲೆ ನೋವಿನಲ್ಲಿರುವವರು ದೊಡ್ಡ ಮಾತನ್ನೇ ಆಡುತ್ತಾರೆ. ಸಣ್ಣ ಮಾತಿಗೆ ಕಿವಿಗೊಡದೆ ಅವರನ್ನು ಅಲ್ಲಿಗೆ ತಳ್ಳಿದವರು ನಾವೇ. ವ್ಯವಸ್ಥೆಯೂ ಹೀಗೇ ಇದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಕೆಲಸದಿಂದ ರಜೆ, ವಿಮೆಯ ಹಣ, ಯಾವುದು ಬೇಕಾದರೂ ಕಾಗದದ ಮೇಲೆ ಒಂದು ಹೆಸರು ಬೇಕು. ‘ತುಂಬಾ ಕಷ್ಟ ಆಗ್ತಿದೆ’ ಎಂದು ಬರೆದ ಕಾಗದಕ್ಕೆ ಎಲ್ಲೂ ಬೆಲೆಯಿಲ್ಲ.

ಹೆಸರು ಇಟ್ಟ ಮೇಲೆ ಏನಾಗುತ್ತೆ?

ಕಲ್ಲಿಗೆ ಏನು ಹೆಸರಿಟ್ಟರೂ ಕಲ್ಲು ಬದಲಾಗುವುದಿಲ್ಲ. ಮನುಷ್ಯ ಬದಲಾಗುತ್ತಾನೆ. ಕೆನಡಾದ ತತ್ವಶಾಸ್ತ್ರಜ್ಞ ಇಯಾನ್ ಹ್ಯಾಕಿಂಗ್ ಇದನ್ನು 1990ರ ದಶಕದಲ್ಲೇ ವಿವರಿಸಿದ್ದರು: ಹೆಸರು ಬಿದ್ದವರು ಅದಕ್ಕೆ ತಕ್ಕಂತೆ ತಮ್ಮನ್ನು ನೋಡಿಕೊಳ್ಳುತ್ತಾರೆ, ನಡೆದುಕೊಳ್ಳುತ್ತಾರೆ. ಆಮೇಲೆ ಆ ಹೆಸರಿನ ಅರ್ಥವೂ ಬದಲಾಗುತ್ತದೆ.

ಆತಂಕವನ್ನೇ ತೆಗೆದುಕೊಳ್ಳಿ. ನಾಲ್ಕು ಜನರ ಮುಂದೆ ಮಾತಾಡಲು ಭಯಪಡುವ ಹುಡುಗ ‘ನನಗೆ ಆಂಗ್ಸೈಟಿ ಡಿಸಾರ್ಡರ್ ಇದೆ’ ಎಂದು ತೀರ್ಮಾನಿಸುತ್ತಾನೆ. ಕಾಯಿಲೆ ಇದೆಯಲ್ಲ, ಹಾಗಾಗಿ ತರಗತಿಯಲ್ಲಿ ಮಾತಾಡುವುದು ಬಿಡುತ್ತಾನೆ. ಬಿಟ್ಟ ದಿನ ಸಮಾಧಾನ. ಮುಂದಿನ ಸಲ ಭಯ ಇನ್ನೂ ಜಾಸ್ತಿ. ಆತಂಕ ಬೆಳೆಯುವುದೇ ಹೀಗೆ, ತಪ್ಪಿಸಿಕೊಂಡಷ್ಟೂ. ಅದರ ಚಿಕಿತ್ಸೆಯಲ್ಲಿ ಒಂದು ಮುಖ್ಯ ಭಾಗ ಭಯಪಡುವುದನ್ನು ಸ್ವಲ್ಪಸ್ವಲ್ಪವಾಗಿ ಎದುರಿಸುವುದು. ತಾನೇ ಹೆಸರಿಟ್ಟುಕೊಂಡವನಿಗೆ ಹೆಸರು ಸಿಕ್ಕಿತು, ಚಿಕಿತ್ಸೆ ಸಿಗಲಿಲ್ಲ. ಮನಸ್ಸಿನ ಕಾಯಿಲೆಯ ಬಗ್ಗೆ ಅರಿವು ಹೆಚ್ಚುವುದರಿಂದಲೇ ಸಾಮಾನ್ಯ ಕಷ್ಟಗಳೂ ಕಾಯಿಲೆಯಾಗಿ ಕಾಣುತ್ತಿರಬಹುದು ಎಂಬ ಊಹೆಯನ್ನು ಸಂಶೋಧಕರಾದ ಲೂಸಿ ಫೌಲ್ಕ್ಸ್ ಮತ್ತು ಜ್ಯಾಕ್ ಆ್ಯಂಡ್ರ್ಯೂಸ್ 2023ರಲ್ಲಿ ಮುಂದಿಟ್ಟಿದ್ದಾರೆ. ಅದಿನ್ನೂ ಊಹೆ.

ತಪ್ಪು ಹೆಸರಿನಿಂದ ಆಗುವ ಹಾನಿ

ಬೈಪೋಲಾರ್ ಇರುವವರು ಹೆಚ್ಚಾಗಿ ಸಹಾಯ ಕೇಳುವುದು ಕುಸಿದುಹೋದ ದಿನಗಳಲ್ಲಿ. ಉತ್ಸಾಹ ಉಕ್ಕಿದ್ದ ದಿನಗಳನ್ನು ಅವರು ಕಾಯಿಲೆ ಎಂದೇ ಎಣಿಸಿರುವುದಿಲ್ಲ. ತಮ್ಮದು ಬರೀ ಖಿನ್ನತೆ ಎಂದುಕೊಂಡು ಅದರ ಮಾತ್ರೆಯನ್ನಷ್ಟೇ ತೆಗೆದುಕೊಂಡರೆ ಕೆಲವರಲ್ಲಿ ಅದು ಉನ್ಮಾದಕ್ಕೆ ತಿರುಗಬಹುದು. ಅದಕ್ಕೇ ವೈದ್ಯರು ‘ನಿದ್ದೆಯಿಲ್ಲದಿದ್ದರೂ ಸುಸ್ತೇ ಆಗದ ದಿನಗಳಿದ್ದವಾ?’ ಎಂದು ಕೇಳುತ್ತಾರೆ. ಇನ್ನೊಂದು ಕಡೆ, ಬೆಳಿಗ್ಗೆ ಖುಷಿ ಸಂಜೆ ಸಿಟ್ಟು ಎಂದ ಮಾತ್ರಕ್ಕೆ ಬೈಪೋಲಾರ್ ಆಗುವುದಿಲ್ಲ. ಆ ಉತ್ಸಾಹದ ಉಬ್ಬರ ಸೌಮ್ಯವಾಗಿದ್ದರೂ ಕಡೇಪಕ್ಷ ಸತತ ನಾಲ್ಕು ದಿನ, ತೀವ್ರವಾಗಿದ್ದರೆ ಸಾಮಾನ್ಯವಾಗಿ ಒಂದು ವಾರ ಇರಬೇಕು.

‘ಗೆಳೆಯನ ಎಡಿಎಚ್‌ಡಿ ಮಾತ್ರೆ ನುಂಗಿದೆ, ಗಮನ ಚೆನ್ನಾಗಿ ನಿಂತಿತು, ಹಾಗಾದರೆ ನನಗೂ ಅದೇ ಇದೆ’ ಎನ್ನುವುದು ಇನ್ನೊಂದು ತಪ್ಪು. 1978ರಲ್ಲಿ ಅಮೆರಿಕದ ಮನೋವೈದ್ಯೆ ಜೂಡಿತ್ ರಾಪೊಪೋರ್ಟ್ ಮತ್ತು ಸಂಗಡಿಗರು ಯಾವ ತೊಂದರೆಯೂ ಇಲ್ಲದ ಹುಡುಗರಿಗೆ ಈ ಬಗೆಯ ಔಷಧಿ ಕೊಟ್ಟು ನೋಡಿದಾಗ ಅವರ ಗಮನವೂ ಸುಧಾರಿಸಿತ್ತು. ಮಾತ್ರೆ ಕೆಲಸ ಮಾಡಿತು ಎನ್ನುವುದು ಕಾಯಿಲೆಗೆ ಪುರಾವೆಯಾಗುವುದಿಲ್ಲ. ಇವು ಎದೆಬಡಿತ, ರಕ್ತದೊತ್ತಡ ಏರಿಸಬಲ್ಲ, ಚಟ ಹಿಡಿಸಬಲ್ಲ ಔಷಧಿಗಳು. ಇನ್ನೊಬ್ಬರ ಚೀಟಿಯ ಮಾತ್ರೆ ಖಂಡಿತ ಬೇಡ.

ಅನುಮಾನ ಬಂದಾಗ ಏನು ಮಾಡಬಹುದು?

ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಆದದ್ದನ್ನು ಬರೆಯಿರಿ, ಕಾಯಿಲೆಯ ಹೆಸರು ಬಳಸದೆ. ‘ಇವತ್ತು ಎಡಿಎಚ್‌ಡಿ ಜಾಸ್ತಿ ಇತ್ತು’ ಎಂದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ‘ರಾತ್ರಿ ಎರಡಕ್ಕೆ ಮಲಗಿದೆ, ಏಳಕ್ಕೆ ಎದ್ದೆ. ರಿಪೋರ್ಟ್ ಬರೆಯಲು ಹತ್ತಕ್ಕೆ ಕೂತೆ, ಹನ್ನೆರಡಾದರೂ ಒಂದು ಸಾಲು ಆಗಲಿಲ್ಲ. ಮಧ್ಯಾಹ್ನ ಅಕ್ಕನ ಮಗನ ಜೊತೆ ಚೆಸ್ ಆಡುವಾಗ ಮಾತ್ರ ಒಂದು ಗಂಟೆ ಅಲ್ಲಾಡಲಿಲ್ಲ’ ಎಂದು ಬರೆದರೆ ಬಹಳ ತಿಳಿಯುತ್ತದೆ. ಹಳೆಯ ಶಾಲಾ ವರದಿಗಳಿದ್ದರೆ ಹುಡುಕಿ. ನಿಮ್ಮನ್ನು ಚಿಕ್ಕಂದಿನಿಂದ ಬಲ್ಲವರೊಬ್ಬರನ್ನು ಕೇಳಿ, ಸಾಧ್ಯವಾದರೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ತೆಗೆದುಕೊಳ್ಳುವ ಎಲ್ಲ ಔಷಧಿಗಳನ್ನೂ ಹೇಳಿ.

ಅನುಮಾನವನ್ನು ಮುಚ್ಚಿಡಬೇಕಿಲ್ಲ. ‘ನಾನು ಓದಿದೆ, ನನಗೆ ಇದಿರಬಹುದು ಅನ್ನಿಸಿತು, ಈ ಈ ಕಾರಣಕ್ಕೆ’ ಎಂದು ನೇರವಾಗಿ ಹೇಳಿ. ಒಳ್ಳೆಯ ವೈದ್ಯರು ಅದನ್ನು ಕೇಳಿಸಿಕೊಳ್ಳುತ್ತಾರೆ. ಐದೇ ನಿಮಿಷದಲ್ಲಿ ‘ಹೌದು’ ಎಂದು ಚೀಟಿ ಬರೆದರೂ, ‘ಏನಿಲ್ಲ ಹೋಗಿ’ ಎಂದರೂ ಇನ್ನೊಬ್ಬರನ್ನು ನೋಡುವುದು ಒಳ್ಳೆಯದು.

ಸಹಾಯಕ್ಕೆ ಹೆಸರಿನ ತನಕ ಕಾಯಬೇಕಾಗಿಯೂ ಇಲ್ಲ. ನಿದ್ದೆ ಸರಿಮಾಡಿಕೊಳ್ಳುವುದು, ಥೈರಾಯ್ಡ್, ಬಿ12 ಪರೀಕ್ಷೆ, ಆಪ್ತಸಲಹೆ, ಇವೆಲ್ಲ ಯಾವ ಡಯಾಗ್ನೋಸಿಸ್ ಇಲ್ಲದೆಯೂ ಶುರುವಾಗಬಹುದು. ಬದುಕುವುದೇ ಬೇಡ ಅನ್ನಿಸುತ್ತಿದ್ದರೆ ನೋಟ್‌ಬುಕ್ಕು, ಎರಡು ವಾರ ಯಾವುದೂ ಬೇಡ. ಇವತ್ತೇ ಹತ್ತಿರದವರಿಗೆ ಹೇಳಿ, ಆಸ್ಪತ್ರೆಗೆ ಅಥವಾ ಸಹಾಯವಾಣಿಗೆ ಕರೆ ಮಾಡಿ.

ಚೆನ್ನಾಗಿ ವಿಚಾರಿಸಿದ ಮೇಲೂ ವೈದ್ಯರು ‘ನೀವಂದುಕೊಂಡದ್ದು ಇಲ್ಲ’ ಎನ್ನಬಹುದು. ಆಗ ಬಹಳ ಜನಕ್ಕೆ ಸಮಾಧಾನದ ಬದಲು ನಿರಾಸೆಯಾಗುತ್ತದೆ. ನನ್ನ ಕಷ್ಟವೇ ಸುಳ್ಳು ಎಂದರೇನೋ ಅನ್ನಿಸಿ ಎದ್ದು ಬಂದುಬಿಡುತ್ತಾರೆ. ಕುರ್ಚಿಯಿಂದ ಏಳುವ ಮುಂಚೆ ಮೂರು ಪ್ರಶ್ನೆ ಕೇಳಿ: ಹಾಗಾದರೆ ಇದು ಏನಿರಬಹುದು? ಇದಕ್ಕೆ ಈಗ ಏನು ಮಾಡೋಣ? ಕಡಿಮೆಯಾಗದಿದ್ದರೆ ನಾನು ಮತ್ತೆ ಯಾವಾಗ ಬರಲಿ?